ಗಿರಣಿ ಖೋಲಿಯಲ್ಲಿ ಗಣಿಗಾರಿಕೆ

ದುಡಿದು ತಿನ್ನುವವರಿಗೆ ದುಡಿಯದೆ ತಿನ್ನುವವರ ಮೇಲೆ ಇರುವುದು ಸಿಟ್ಟಲ್ಲ, ಶುದ್ಧ ಹೊಟ್ಟೆಕಿಚ್ಚು. ಇದು ನನಗೆ ನಿವೃತ್ತಿ ಹತ್ತಿರ ಬಂದಾಗ ತಿಳಿಯಿತು. ಅಲ್ಲಿಯವರೆಗೆ ನಾನು ಬಾಡಿಗೆ ಮನೆಗಳ ಮಾಲೀಕರನ್ನೂ, ಬಡ್ಡಿ ತಿನ್ನುವವರನ್ನೂ, ಹಬ್ಬದ ಊಟಕ್ಕೆ ಕೂತಾಗಲೂ ಷೇರು ಪೇಟೆಯ ಮಾತೆತ್ತುವ ನನ್ನ ಷಡ್ಡಕನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುತ್ತಿದ್ದೆ. ಬೈಯುವುದಕ್ಕೆ ನನ್ನ ಬಳಿ ನೈತಿಕ ಅಧಿಕಾರವೂ ಇತ್ತು. ಹೈದರಾಬಾದಿನ ಬೇಗಂಪೇಟೆಯ ಒಂದು ಸಿಮೆಂಟ್ ಕಂಪನಿಯ ಕಚೇರಿಯಲ್ಲಿ ಬೆನ್ನು ಬಾಗುವವರೆಗೆ ಕೂತು ಕೆಲಸ ಮಾಡಿದವನು ನಾನು. ಆದರೆ ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುವ ಗಾದೆಯನ್ನು ಕಟ್ಟಿದವನು ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತನೇ ಇರಬೇಕು. ಆ ಗಾದೆ ನನ್ನನ್ನು ಹಗಲೆಲ್ಲ ಕಾಡತೊಡಗಿತು. ನನ್ನ ಕುಡಿಕೆಯಲ್ಲಿ ಹೊನ್ನು ಇರಲಿ, ಕುಡಿಕೆಯೇ ನೆಟ್ಟಗಿರಲಿಲ್ಲ.

ಮನುಷ್ಯ ಹೀಗೆ ಹೆದರಿ ಕೂತಾಗಲೇ ಉಪದೇಶಕರು ಬರುತ್ತಾರೆ. ನನ್ನ ಪಕ್ಕದ ಮೇಜಿನ ರಾಜೇಶ್ವರ ರಾವ್ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ, ಮನೆಯಲ್ಲೇ ಒಂದು ಯಂತ್ರ ಇಟ್ಟರೆ ಅದು ಕ್ರಿಪ್ಟೋ ನಾಣ್ಯವನ್ನು ಅಗೆದು ತೆಗೆಯುತ್ತದೆಂದೂ, ಅದಕ್ಕೆ ಮೈನಿಂಗ್ ಎಂದು ಹೆಸರೆಂದೂ ಹೇಳಿದ. "ಮೀರು ನಿದ್ರಪೋಂಡಿ ಸಾರ್, ಅದಿ ಸಂಪಾದಿಸ್ತುಂದಿ" ಎಂದ. ನೀವು ಮಲಗಿರಿ, ಅದು ಗಳಿಸುತ್ತದೆ ಎಂದರ್ಥ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಇಂಥ ಸಿಹಿ ಮಾತು ಹೇಳಿರಲಿಲ್ಲ. ಅವನು ತಾನೇ ಯಾಕೆ ಇಟ್ಟಿಲ್ಲ ಎಂದು ಕೇಳಬೇಕಿತ್ತು. ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು, ನನ್ನ ಸಂಸಾರವೂ ನೆಟ್ಟಗಿರುತ್ತಿತ್ತು. ಆದರೆ ಅಂದು ಅವನ ಡಬ್ಬಿಯ ಗೋಂಗೂರ ಚಟ್ನಿ ಚೆನ್ನಾಗಿತ್ತು. ಚಟ್ನಿ ತಿನ್ನುತ್ತ ಅನುಮಾನ ಪಡುವುದು ನನಗೆ ಬರುವುದಿಲ್ಲ.

ಯಂತ್ರವೆಂದರೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳ ಸಾಲು, ಪ್ರತಿ ಕಾರ್ಡಿಗೂ ಗರಗರ ತಿರುಗುವ ಫ್ಯಾನು. ಇದು ಕುಡಿಯುವ ಕರೆಂಟಿಗೆ ಮನೆಯ ಸಾಮಾನ್ಯ ವೈರು ತಡೆಯುವುದಿಲ್ಲ, ದಪ್ಪನೆಯ ಬೇರೆ ಲೈನು ಬೇಕು. ನಾರಾಯಣಗೂಡದ ನಮ್ಮ ಹಳೆಯ ಮನೆಯಲ್ಲಿ ಅಂಥ ಲೈನು ಇದ್ದದ್ದು ಒಂದೇ ಕಡೆ, ಓಣಿಗೆ ಬಾಗಿಲಿದ್ದ ಮುಂದಿನ ಖೋಲಿಯಲ್ಲಿ. ಅದು ನನ್ನ ಹೆಂಡತಿ ಮಹಾದೇವಿಯ ಗಿರಣಿ ಖೋಲಿ.

ಈ ಗಿರಣಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೈದರಾಬಾದಿನ ಗಿರಣಿಗಳಲ್ಲಿ ಗೋಧಿ, ಅಕ್ಕಿ, ಕಡಲೆ, ಖಾರ ಎಲ್ಲವೂ ಒಂದೇ ಬಾಯಿಗೆ ಬೀಳುತ್ತವೆ. ಅದರ ಹಿಂದೆಯೇ ಜೋಳ ಹಾಕಿದರೆ ಬರುವ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ತಟ್ಟಿದರೆ ಅಂಚು ಬಿರಿಯುತ್ತದೆ. ನಮ್ಮ ವಿಜಯಪುರದ ಕಡೆಯವರಿಗೆ ರೊಟ್ಟಿಯ ಅಂಚು ಬಿರಿಯುವುದೆಂದರೆ ಮನೆತನದ ಮಾನಕ್ಕೇ ಬಿರುಕು. ಹಾಗಾಗಿ ಮಹಾದೇವಿ ತವರಿನ ಚಿನ್ನದ ಪಾಟಲಿ ಬಳೆ ಮಾರಿ ಒಂದು ಮನೆಗಿರಣಿ ತಂದು, ಅದರಲ್ಲಿ ಜೋಳವೊಂದನ್ನೇ ಬೀಸುವ ವ್ರತ ಹಿಡಿದಿದ್ದಳು. ಸುದ್ದಿ ಹಬ್ಬಿ ಕಾಚಿಗೂಡ, ಬರ್ಕತ್‌ಪುರದ ಕನ್ನಡ ಮನೆಗಳಿಂದ ಹೆಂಗಸರು ಡಬ್ಬಿ ಹಿಡಿದು ಬರತೊಡಗಿದರು. ಹೊಸ ಕಟ್ಟಡಗಳ ಕೆಲಸಕ್ಕೆ ಬಂದ ಯಾದಗಿರಿ, ಸೇಡಂ ಕಡೆಯ ಹೆಣ್ಣುಮಕ್ಕಳೂ ಭಾನುವಾರ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬರುತ್ತಿದ್ದರು. ಬ್ಯಾಂಕಿನವರ ಹೆಂಡತಿ ಬಂದರೂ, ಇಟ್ಟಿಗೆ ಹೊರುವವಳು ಬಂದರೂ ಪಾಳಿ ಒಂದೇ. ಬಂದವರು ಬಂದ ಸಾಲಿನಲ್ಲಿ ನಿಲ್ಲಬೇಕು. ನಿಂತಷ್ಟು ಹೊತ್ತೂ ಮಾತು, ನಗು, ಬೈಗುಳ, ಒಮ್ಮೊಮ್ಮೆ ಅಳು. ನಾನು ಒಳಗೆ ಪೇಪರು ಓದುತ್ತ "ಏನು ಸಂತಿ ಹಚ್ಚಿದಿ ಮಾರಾಯ್ತಿ" ಎನ್ನುತ್ತಿದ್ದೆ.

ಯಂತ್ರಕ್ಕೆ ಆ ಖೋಲಿ ಬೇಕೆಂದು ಹೇಳಿದ ದಿನ ಮಹಾದೇವಿ ಕೂಗಾಡಲಿಲ್ಲ. ಬರೀ ಪ್ರಶ್ನೆ ಕೇಳಿದಳು.

"ಅದು ಏನು ಮಾಡ್ತೈತ್ರಿ?"

"ದೊಡ್ಡ ದೊಡ್ಡ ಲೆಕ್ಕ ಬಿಡಿಸ್ತೈತಿ."

"ಯಾರ ಲೆಕ್ಕ?"

"ಯಾರದೋ. ಜಗತ್ತಿನಾಗ ಎಲ್ಲರೂ ಕೂಡಿ ಬಿಡಸ್ತಾರ. ಮೊದಲ ಬಿಡಿಸಿದವ್ರಿಗೆ ನಾಣ್ಯ."

"ಬಿಡಿಸಿದ ಲೆಕ್ಕ ಯಾರಿಗೆ ಉಪಯೋಗ ಆಗ್ತೈತಿ?"

ಉತ್ತರ ಇಲ್ಲದ ಗಂಡಸರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. "ಬಾಡಿಗಿ ಕಟ್ಟಾಂವ ನಾನು. ಖೋಲಿ ನಂದು" ಎಂದೆ. ಆಕೆ ನನ್ನನ್ನು ಒಮ್ಮೆ ನೋಡಿ, "ಆತ್ರಿ" ಎಂದಳು. ಆ "ಆತ್ರಿ"ಯನ್ನು ನಾನು ಒಪ್ಪಿಗೆ ಎಂದು ತಿಳಿದೆ. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಬಾರದ ಭಾಷೆ ಅದೊಂದೇ.

ಎರಡು ಓಣಿ ಆಚೆ ಶಾಂತಾಬಾಯಿ ಎಂಬ ಬಸವಕಲ್ಯಾಣದ ವಿಧವೆ ಇದ್ದಾರೆ. ಅವರ ಮನೆಯ ಮುಂದೆ ಖಾಲಿ ಬಿದ್ದ ಕಾರು ಶೆಡ್ಡಿಗೆ ಗಿರಣಿ ಸಾಗಿತು. ಅದು ಶುಕ್ರವಾರ. ಗಿರಣಿ ಎತ್ತಿದ ಮೇಲೆ ಖೋಲಿಯ ಗೋಡೆ, ತೊಲೆ, ಕಿಟಕಿಯ ಸಂದು ಎಲ್ಲ ಕಡೆ ವರ್ಷಗಟ್ಟಲೆ ಕೂತ ಜೋಳದ ಹಿಟ್ಟಿನ ಧೂಳು ಕಂಡಿತು. ಮಹಾದೇವಿ ಮೂಗಿಗೆ ಸೆರಗು ಕಟ್ಟಿ ಕಸಬರಗಿ ಹಿಡಿದು ಬಂದಳು. ನಾನು ಬಾಗಿಲಲ್ಲೇ ತಡೆದೆ. ಶುಕ್ರವಾರ ಸಂಜೆ ಮನೆಯಿಂದ ಹಿಟ್ಟು ಹೊರಗೆ ಹಾಕಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ನಮ್ಮವ್ವ ಹೇಳುತ್ತಿದ್ದಳು. ಇತರ ದಿನಗಳಲ್ಲಿ ಇಂಥದ್ದಕ್ಕೆಲ್ಲ ನಗುವ ನಾನು, ಆ ದಿನ ಮಾತ್ರ ಲಕ್ಷ್ಮಿಯ ವಿಷಯದಲ್ಲಿ ಅಪಾಯ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. "ಹಿಟ್ಟು ಇರ್ಲಿ ಬಿಡು, ಶುಭ" ಎಂದೆ. ಯಂತ್ರಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದೆ. ಮಹಾದೇವಿ ಊದಿನಕಡ್ಡಿ ಹಚ್ಚಲು ಹೋದಾಗ, ಹೊಗೆ ಯಂತ್ರಕ್ಕೆ ಒಳ್ಳೆಯದಲ್ಲ ಎಂದು ಶಾಸ್ತ್ರೋಕ್ತವಾಗಿ ಗದರಿಸಿದೆ. ವಿಜ್ಞಾನ ಮತ್ತು ಮೂಢನಂಬಿಕೆ ಎರಡನ್ನೂ ಒಂದೇ ಗಳಿಗೆಯಲ್ಲಿ ಇಷ್ಟು ತಪ್ಪಾಗಿ ಬಳಸಿದವರು ಕಡಿಮೆ.

ಯಂತ್ರ ಶುರುವಾಯಿತು. ಅದರ ಸದ್ದಿನ ಮುಂದೆ ಗಿರಣಿ ಸಂಗೀತವೇ ಸರಿ. ಗಿರಣಿ ಜೋಳ ಮುಗಿದಾಗ ನಿಲ್ಲುತ್ತಿತ್ತು, ಇದು ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳ ಹೈದರಾಬಾದು, ಹೊರಗೆ ಬಿಸಿಲು, ಒಳಗೆ ಕುಲುಮೆ. ನನ್ನ ಗಳಿಕೆ ಮೊಬೈಲಿನಲ್ಲಿ ಕಾಣುತ್ತಿತ್ತು. ಸೊನ್ನೆ, ಚುಕ್ಕೆ, ಅದರ ಮುಂದೆ ಮತ್ತೆ ಸೊನ್ನೆಗಳ ದಿಬ್ಬಣ, ಕೊನೆಯಲ್ಲಿ ಮದುವೆಗೆ ತಡವಾಗಿ ಬಂದ ಬೀಗನಂತೆ ಒಂದು ಅಂಕಿ. ಕಚೇರಿಯಲ್ಲಿ, ಬಸ್ಸಿನಲ್ಲಿ, ಊಟದ ತಾಟಿನ ಮುಂದೆ ಅದನ್ನೇ ನೋಡುತ್ತಿದ್ದೆ. ಒಂದಿಷ್ಟು ಕೂಡುವವರೆಗೆ ಆ ನಾಣ್ಯವನ್ನು ಹೊರಗೆ ತೆಗೆಯಲು ಬಿಡುವುದಿಲ್ಲ, ತೆಗೆದರೆ ಅದಕ್ಕೊಂದು ಶುಲ್ಕ, ಇತ್ತ ಕರೆಂಟು ಬಿಲ್ಲು ಮಾತ್ರ ಯಾವ ಚುಕ್ಕೆಯೂ ಇಲ್ಲದೆ ಪೂರ್ಣಾಂಕದಲ್ಲಿ ಬರುತ್ತಿತ್ತು. ಮಲಗಿದರೆ ಗಳಿಸುತ್ತದೆ ಎಂದಿದ್ದ ರಾಜೇಶ್ವರ ರಾವ್. ಆ ಸದ್ದು, ಆ ಸೆಕೆಯಲ್ಲಿ ಮಲಗುವುದು ಹೇಗೆಂದು ಅವನು ಹೇಳಿರಲಿಲ್ಲ.

ಮನೆ ಮಾತ್ರ ಖಾಲಿಯಾಯಿತು. ಮಹಾದೇವಿ ಬೆಳಿಗ್ಗೆ ಅಡುಗೆ ಮುಚ್ಚಿಟ್ಟು ಶೆಡ್ಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಓಣಿಯ ಬಾಗಿಲು ತಟ್ಟಿ "ಮಾದೇವಕ್ಕಾ" ಎಂದು ಕೂಗುವವರು ಯಾರೂ ಇರಲಿಲ್ಲ. ರಜೆಯ ದಿನ ನಾನು ಪೇಪರು ಹಿಡಿದು ಕೂತರೆ ಒಂದು ಪುಟವೂ ಸಾಗುತ್ತಿರಲಿಲ್ಲ. ಆ ಹೆಂಗಸರ ಗದ್ದಲದಲ್ಲಿ ಸಂಪಾದಕೀಯದವರೆಗೆ ಓದುತ್ತಿದ್ದವನು ನಾನು. ಒಂದು ದಿನ ತಡೆಯದೆ, "ಇಡೀ ದಿನ ಅಲ್ಲೇ ಇರ್ತಿ, ಮನಿ ನೆನಪಾಗಂಗಿಲ್ಲೇನು?" ಎಂದೆ.

ಆಕೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಈ ಊರಿಗೆ ಬಂದು ಮೂವತ್ತು ವರ್ಷಾತ್ರಿ. ಹೊರಗ ಹೋದ್ರ ತೆಲುಗು, ಹಿಂದಿ. ಮನಿಯಾಗ ನೀವು. ನೀವರ ಎಲ್ಲಿ ಮಾತಾಡ್ತೀರಿ? ನನ್ನ ಹೆಸರು ಹಿಡದು ಕರಿಯೋ ಜಾಗಾ ಆ ಖೋಲಿ ಒಂದ ಇತ್ತು. ಈಗ ಅದು ಶಾಂತಕ್ಕನ ಶೆಡ್ಡಿನಾಗ ಐತಿ. ಹೋಗದ ಏನ್ ಮಾಡ್ಲಿ?"

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಸುಮ್ಮನಿರಬೇಕಿತ್ತು, ಅದರ ಬದಲು ಮೊಬೈಲು ತೆಗೆದು ಸೊನ್ನೆಗಳನ್ನು ನೋಡಿದೆ. ಕೊನೆಯಲ್ಲಿ ಆ ಬೀಗನಂಥ ಅಂಕಿ ಅಂದೂ ಒಂಟಿಯಾಗಿಯೇ ಇತ್ತು.

ಆಮೇಲೆ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಹೆಂಚಿನ ಮೇಲೆ ಮರೆತ ರೊಟ್ಟಿಯ ವಾಸನೆ. ಮಹಾದೇವಿ ಒಲೆ ಹಚ್ಚಿಲ್ಲ, ಆದರೂ ಕಮರು ವಾಸನೆ. ಒಂದೊಂದೇ ಕಾರ್ಡು ಕೈಕೊಟ್ಟಿತು. ಕೋಠಿ ಮಾರುಕಟ್ಟೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದೆ. ಅವನು ಫ್ಯಾನು ಬಿಚ್ಚಿ, ಒಳಗಿನಿಂದ ಕಂದು ಬಣ್ಣದ ಹಪ್ಪಳದಂಥದ್ದನ್ನು ಎಬ್ಬಿಸಿ, ಮೂಸಿ ನೋಡಿ, "ಸಾಬ್, ಇಸ್‌ಮೆ ತೋ ಆಟಾ ಭರಾ ಹೈ. ರೋಟಿಯಾಂ ಬನಾರೆ ಕ್ಯಾ ಇಸ್‌ಮೆ?" ಎಂದ. ಒಳಗೆಲ್ಲ ಹಿಟ್ಟು ತುಂಬಿದೆ, ಇದರಲ್ಲಿ ರೊಟ್ಟಿ ಮಾಡುತ್ತೀರೇನು ಎಂದರ್ಥ. ಗೋಡೆಯ ಹಿಟ್ಟನ್ನೆಲ್ಲ ಫ್ಯಾನುಗಳು ಎಳೆದುಕೊಂಡಿದ್ದವು, ಕಾರ್ಡುಗಳ ಕಾವಿನಲ್ಲಿ ಅದು ಹದವಾಗಿ ಬೆಂದಿತ್ತು. ನನ್ನ ಯಂತ್ರ ಇಷ್ಟು ದಿನ ಮಾಡಿದ ಏಕೈಕ ವಸ್ತು ಆ ರೊಟ್ಟಿ, ಅದೂ ಸೀದದ್ದು.

ಸಂಜೆ ಮಹಾದೇವಿ ಬಂದಾಗ ಹಾರಾಡಿದೆ. ನಿನ್ನ ಹಿಟ್ಟಿನಿಂದಲೇ ಆಯಿತು, ಬೇಕಂತಲೇ ಬಿಟ್ಟು ಹೋದೆ ಎಂದೆ. ಆಕೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು, "ಕಸಬರಗಿ ನನ್ನ ಕೈಯಾಗ ಇತ್ತು. ತಡದವ್ರು ಯಾರ್ರಿ?" ಎಂದಳು. ಜಗಳ ಅಷ್ಟಕ್ಕೇ ಮುಗಿಯಿತು. ಇಬ್ಬರೂ ಬೈದಾಡಿದ್ದರೆ ರಾಜಿಗೆ ದಾರಿ ಇರುತ್ತಿತ್ತು, ಒಬ್ಬರೇ ಸರಿ ಇದ್ದಾಗ ಆ ದಾರಿಯೂ ಇರುವುದಿಲ್ಲ.

ಹಿಟ್ಟು ತೆಗೆಸಿ, ಉಳಿದ ಕಾರ್ಡುಗಳನ್ನು ಮತ್ತೆ ನಡೆಸಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದು ಗೊತ್ತಿದ್ದೂ ನಡೆಸಿದೆ, ಹಠ. ಕೊನೆಗೆ ಆ ನಾಣ್ಯ ನಡೆಸುವವರೇ ನನ್ನನ್ನು ಬಿಡಿಸಿದರು. ತಮ್ಮ ಪದ್ಧತಿ ಬದಲಾಗಿದೆ, ಇನ್ನು ಮುಂದೆ ಈ ನಾಣ್ಯಕ್ಕೆ ಯಾರೂ ಅಗೆಯುವ ಅಗತ್ಯವಿಲ್ಲ ಎಂದು ಜಗತ್ತಿಗೆಲ್ಲ ಸಾರಿದರು. ನನ್ನ ಕಂಪನಿಯವರು ನಿವೃತ್ತಿಗಾದರೂ ಒಂದು ಶಾಲು ಹೊದಿಸುವವರಿದ್ದರು. ಇವರು ಅದೂ ಇಲ್ಲದೆ ಕಳಿಸಿದರು. ರಾಜೇಶ್ವರ ರಾವ್‌ಗೆ ಹೇಳಿದರೆ, "ನೇನು ಅಪ್ಪುಡೇ ಅನುಕುನ್ನಾನು ಸಾರ್" ಎಂದ. ಅಂದೇ ಅಂದುಕೊಂಡಿದ್ದನಂತೆ. ಈಗ ಚಟ್ನಿ ಕೊಟ್ಟರೂ ನಾನು ಅವನ ಜೊತೆ ಊಟಕ್ಕೆ ಕೂಡುವುದಿಲ್ಲ.

ಯಂತ್ರವನ್ನು ಗುಜರಿಯವನಿಗೆ ಕೊಟ್ಟು, ನಾನೇ ಗೋಡೆ ತಿಕ್ಕಿ, ಸುಣ್ಣ ಬಳಿಸಿ, ಮಹಾದೇವಿಯ ಮುಂದೆ ಉದಾರಿಯಂತೆ ನಿಂತೆ. "ಖೋಲಿ ಖಾಲಿ ಆಗೈತಿ. ಬೇಕಾದ್ರ ನಿನ್ನ ಗಿರಣಿ ತರಸ್ಕೋ" ಎಂದೆ.

"ಬ್ಯಾಡ್ರಿ. ಖೋಲಿ ನಿಮ್ಮದು."

"ನಾನ ಹೇಳಾಕತ್ತೀನಲ್ಲ, ತರಸ್ಕೋ ಅಂತ."

"ಇಂದು ತರಸ್ಕೋ ಅಂತೀರಿ, ನಾಳೆ ಮತ್ತೊಂದು ಬಂದ್ರ ತಗಿ ಅಂತೀರಿ. ಅಲ್ಲಿ ನನಗ ಯಾರೂ ತಗಿ ಅನ್ನಂಗಿಲ್ಲ."

ಅನುಮತಿ ಕೊಡಲು ಹೋಗಿದ್ದೇ ತಪ್ಪಾಯಿತು, ತಪ್ಪು ಒಪ್ಪಿಕೊಳ್ಳಬೇಕಿತ್ತು ಎಂದು ನನಗೆ ಹೊಳೆದದ್ದು ಮರುದಿನ. ಮನೆಯಲ್ಲಿ ಮುಖ ಕೊಟ್ಟು ಹೇಳಲು ಧೈರ್ಯ ಸಾಲಲಿಲ್ಲ. ನೆಪಕ್ಕೆ ಜೋಳದ ಡಬ್ಬಿ ಹಿಡಿದು ಭಾನುವಾರ ಶೆಡ್ಡಿಗೆ ಹೋದೆ. ಅಲ್ಲಿ ನನ್ನ ಹಳೆಯ ಸಂತೆ ಪೂರ್ತಿ ಕೂಡಿತ್ತು. ಸೀದಾ ಗಿರಣಿಯ ಹತ್ತಿರ ನಡೆದೆ. ಕೂಲಿ ಕೆಲಸದ ಹೆಣ್ಣುಮಗಳೊಬ್ಬಳು, "ಏ ಅಣ್ಣಾ, ಪಾಳಿ ಐತ್ರಿ" ಎಂದು ತಡೆದು, ಮಹಾದೇವಿಯತ್ತ ತಿರುಗಿ "ಇವ್ರು ಯಾರ್ರಿ ಅಕ್ಕಾ?" ಎಂದಳು.

ಮಹಾದೇವಿ ಹಿಟ್ಟಿನ ಕೈ ಒರೆಸಿಕೊಂಡಳು. "ನಮ್ಮ ಮನಿಯವ್ರು" ಎಂದಳು. ನನ್ನ ಎದೆ ಉಬ್ಬಿತು. "ಹಂಗಂತ ಪಾಳಿ ಬಿಟ್ಟುಕೊಡಬ್ಯಾಡ್ರೆವ್ವಾ" ಎಂದು ಮಾತು ಮುಗಿಸಿದಳು.

ಹೋಗಿ ಹಿಂದೆ ನಿಂತೆ. ನಿಂತಷ್ಟು ಹೊತ್ತೂ ಹೇಳಬೇಕಾದ ಮಾತನ್ನು ಬಾಯಲ್ಲೇ ತಿದ್ದಿಕೊಂಡೆ. ನನ್ನ ಪಾಳಿ ಬಂದಾಗ ಗಿರಣಿ ಜೋರಾಗಿ ತಿರುಗುತ್ತಿತ್ತು. "ಮಹಾದೇವಿ, ನಂದ ತಪ್ಪಾತು" ಎಂದೆ. ಆಕೆ ಕಿವಿಗೆ ಕೈ ಹಚ್ಚಿ, "ಆಂ?" ಎಂದಳು. ಇನ್ನೊಮ್ಮೆ ಹೇಳಬೇಕಾದರೆ ಕೂಗಿ ಹೇಳಬೇಕಿತ್ತು, ಹಿಂದೆ ಅಷ್ಟು ಜನ ಹೆಂಗಸರು. "ಏನಿಲ್ಲ, ಜ್ವಾಳಾ" ಎಂದು ಡಬ್ಬಿ ಮುಂದೆ ಮಾಡಿದೆ. ಆಕೆ ಮುಚ್ಚಳ ತೆಗೆದು, ಕೈಯಾಡಿಸಿ, ಎರಡು ಕಲ್ಲು ಆರಿಸಿ ನನ್ನ ಅಂಗೈಯಲ್ಲಿಟ್ಟು, "ಹಸನ ಮಾಡಿಲ್ಲ. ಹಸನ ಮಾಡಿಕೊಂಡು ಮತ್ತ ಹಿಂದ ನಿಂದರ್ರಿ" ಎಂದಳು.

ನಿಂತೆ. ಮನೆಗೆ ಹೋಗಿರಿ ಎನ್ನಲಿಲ್ಲವಲ್ಲ, ಹಿಂದೆ ನಿಲ್ಲಿ ಎಂದಳಲ್ಲ ಎಂದು ಅದರಲ್ಲೇ ಸಮಾಧಾನ ಹುಡುಕುವ ಮಟ್ಟಕ್ಕೆ ಬಂದಿದ್ದೇನೆ. ಮುಂದಿನ ಸಲ ಗಿರಣಿ ನಿಂತಿದ್ದಾಗಲೇ ಹೇಳಬೇಕೆಂದು ಪ್ರತಿ ಭಾನುವಾರ ಡಬ್ಬಿ ಹಿಡಿದು ಹೋಗುತ್ತೇನೆ. ಗಿರಣಿ ನಿಂತಿದ್ದರೆ, ತಿರುಗಲಿ ಎಂದು ಕಾಯುತ್ತೇನೆ.