ಏರು ಬಂದ್ರ ಇಳಿಯೋ ಸಾಹುಕಾರ್ರು

ಎಪ್ಪತ್ತರ ದಶಕದಾಗ ನಾ ಬೈಲಹೊಂಗಲದ ಸಾಹುಕಾರ್ರೊಬ್ಬರ ಸಣ್ಣ ಕಾರು ಹೊಡಿತಿದ್ದೆ. ಜನ್ಮ ಎಲ್ಲಾ ಚಕ್ಕಡಿ ಹೊಡದ ಮನಷ್ಯಾ ಕಾರು ತಗೊಂಡ್ರ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದ. ನಗಬಾರದಂತ ತುಟಿ ಕಚ್ಚಿ ಹಿಡದ್ರೂ ಅವರು ಬಿಡತಿದ್ದಿಲ್ಲ.

ದಣಿವು

ಮೊದಲನೇ ಸಲ ಮುರಗೋಡಕ್ಕ ಹೊಂಟಾಗ ದಾರ್ಯಾಗ ಬೇವಿನ ಗಿಡದ ಕೆಳಗ ನಿಲ್ಲಸಂದ್ರು. ಇಳದು ಬಾನೆಟ್ ಮುಟ್ಟಿ ನೋಡಿ, ಇದರ ಮೈ ಸುಡಾಕ ಹತ್ತೇತಿ, ಬಿಚ್ಚು ಅಂದ್ರು. ಏನು ಬಿಚ್ಚಲಿ? ಎತ್ತಿನ ಕೊಳ್ಳ ಬಿಚ್ಚಿದಂಗ ಇದಕ್ಕೂ ಏನರ ಇರತೈತಿ ಅಂತ ಅವರ ತಿಳುವಳಿಕಿ. ಕಡೀಕ ಬಾನೆಟ್ ಎತ್ತಿ ಇಟ್ಟೆ, ಅವರಿಗೆ ಸಮಾಧಾನ ಆತು. ಅದೂ ದಣದೈತಿ, ನೀನೂ ಒಂದೀಟು ಮಲಗು ಅಂದ್ರು. ಇಂಥಾ ಮಾಲಕರು ಯಾರಿಗೆ ಸಿಗತಾರ? ಮಲಗಿಬಿಟ್ಟೆ.

ಪಿಕಪ್

ಚಕ್ಕಡಿ ಏರು ಹತ್ತುವಾಗ ಎತ್ತಿಗೆ ಭಾರ ಆಗಬಾರದಂತ ಮಂದಿ ಇಳದು ನಡೀತಾರಲ್ಲ, ಹಂಗ ಇವರೂ ಏರು ಕಂಡ ಕೂಡಲೆ ಬಾಗಲಾ ತಗೀತಿದ್ರು. ಒಂದಿನ ಕೈ ಮುಗದು ತಿಳಿಸಿ ಹೇಳಿದೆ. ಗೇರು ಇಳಿಸಿ ಎಕ್ಸಿಲೇಟರ್ ಒತ್ತಿದ ಕೂಡಲೆ ಜೋರು ಬರೂದಿಲ್ರಿ, ಇಂಜಿನ್ ಒಂದೀಟು ಗರಗರ ತಿರಗಬೇಕು, ಆಮ್ಯಾಲ ಪಿಕಪ್ ಬರತೈತಿ, ಅಲ್ಲೀತನಕಾ ಗಟ್ಟಿಯಾಗಿ ಕುಂಡ್ರರಿ ಅಂದೆ.

"ಅದು ಅಷ್ಟು ತ್ರಾಸ ಪಡುವಾಗ ನಾ ಹೆಂಗ ಕುಂಡ್ರಲೋ?" ಅಂತ ಇಳದಬಿಟ್ರು.

ಅವರು ಇಳೀಲಿ ಅಂತ ನಾ ಕಾರಿನ ಓಟ ಹಗರಕ ಮಾಡೂದು, ಹಗರಕ ಆದಕೂಡಲೆ ಪಿಕಪ್ ಸಾಯೂದು. ಕಾರಿಗಿಂತ ಮೊದಲ ಅವರ ಏರು ಹತ್ತಿ ನಿಂತು, ಬಾರೋ ಬಾ ಅಂತ ಕಾರನ್ನ ಕರೀತಿದ್ರು.

ಚೊಚ್ಚಲ ಹೆರಿಗಿ

ಅವರ ಒಬ್ಬಾಕಿ ಮಗಳನ್ನ ರಾಮದುರ್ಗಕ್ಕ ಕೊಟ್ಟಿದ್ರು. ಬೀಗರು ಇಂದು ನಾಳಿ ಅಂತ ತಡಾ ಮಾಡಿ, ದಿನಾ ತುಂಬಿದ ಮ್ಯಾಲ ಬಾಣಂತನಕ್ಕ ಕಳಿಸಾಕ ಒಪ್ಪಿದ್ರು, ನಾವು ಹೋಗಿ ಕರಕೊಂಡು ಹೊಂಟಿದ್ವಿ. ಸಾಹುಕಾರ್ರು ನನ್ನ ಬಾಜೂಕ, ತಾಯಿ ಮಗಳು ಹಿಂದ. ಸವದತ್ತಿ ಇನ್ನೂ ಬರೂದಿತ್ತು, ಹುಡುಗಿಗೆ ಬ್ಯಾನಿ ಸುರುವಾದುವು. ಸವದತ್ತಿ ದವಾಖಾನಿ ಮುಟ್ಟಿದ್ರ ಸಾಕಪ್ಪಾ ಅಂತ ಹೊಡಿಯಾಕ ಹತ್ತಿದೆ.

ಅಷ್ಟರಾಗ ಏರು ಬಂತು. ಕಾರು ಏದಸಿರು ಬಿಡತಾ ಹಗರಕ ಆತು. ಸಾಹುಕಾರ್ರು ತಟ್ಟನ ಇಳದು, ಹಿಂದಿನ ಬಾಗಲಾ ತಗದು, ಹೆಂಡ್ತಿ ಕೈ ಹಿಡದು ಆಕೀನೂ ಇಳಿಸಿಬಿಟ್ರು. ಅದ ಹೊತ್ತಿಗೆ ಪಿಕಪ್ ಬಂತು ನೋಡ್ರಿ! ಎಂದೂ ಬರದಿದ್ದದ್ದು ಅವತ್ತ ಬಂತು. ಕನ್ನಡಿಯಾಗ ನೋಡಿದ್ರ ಗಂಡಾ ಹೆಂಡ್ತಿ ರಸ್ತಾದಾಗ ನಿಂತಾರ. ನಿಲ್ಲಿಸಿದ್ರ ಏರಿನ್ಯಾಗ ಗಾಡಿ ಮತ್ತ ಏಳೂದಿಲ್ಲ, ನಿಲ್ಲಿಸದಿದ್ರ ಬ್ಯಾನಿ ತಿನ್ನೂ ಹುಡುಗಿ ಸಂಗಾಟ ನಾ ಒಬ್ಬನ.

"ಅಣ್ಣಾ, ನಿಲ್ಲಸಬ್ಯಾಡ, ಹೊಡಿ" ಅಂದ್ಲು ಆಕಿ.

ಹೊಡದೆ. ದವಾಖಾನಿ ಮುಟ್ಟಿದ್ವಿ, ಸುಖವಾಗಿ ಹೆಣ್ಣ ಕೂಸು ಹುಟ್ಟಿತು. ಆಮ್ಯಾಲ ಯಾರದೋ ಚಕ್ಕಡ್ಯಾಗ ಅವರಿಬ್ಬರೂ ಬಂದ್ರು. ಅವರ ಹೆಂಡ್ತಿ ದಾರಿಯುದ್ದಕ್ಕೂ ಗಂಡಗ ಬೆನ್ನ ಮಾಡಿ ಕುಂತಿದ್ರಂತ. ಸಾಹುಕಾರ್ರು ಮೊಮ್ಮಗಳನ್ನ ನೋಡಿ, ನಾವು ಇಳದಿದ್ದಕ್ಕ ಗಾಡಿ ಹತ್ತಿತು, ಇಲ್ಲಾಂದ್ರ ಏನ ಗತಿ ಆಗತಿತ್ತು ಅಂತ ಎದಿ ಉಬ್ಬಿಸಿದ್ರು.

ಮಗಳು ಮಲಗಿದಲ್ಲೆ ಕೇಳಿದ್ಲು: "ನೀ ಇಳದಿ, ಖರೆ. ಅವ್ವನ್ನ ಯಾಕ ಇಳಿಸಿದೀಪಾ?"

ಸಾಹುಕಾರ್ರು ಹೆಂಡ್ತಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಕಡೀಕ ಸಣ್ಣ ದನಿಲೆ ಅಂದ್ರು:

"ನನಗ ಒಬ್ಬನ ನಡಿಯಾಕ ಅಂಜಿಕಿ ಬಂದಿತ್ತವ್ವಾ."