ಮಾವನ ಕಾರಿಗೆ ಪಾಲಿಷ್

ಮಾವ ಸಂಜೀವಪ್ಪನವರು ತೀರಿಕೊಂಡಾಗ ಕಲ್ಯಾಣದುರ್ಗದ ಮನೆಯೂ ಸೀರೆ ಅಂಗಡಿಯೂ ಮಗ ಸೋಮಶೇಖರಪ್ಪನ ಪಾಲಿಗೆ ಹೋದವು. ಮಗಳು ಗಂಗಾದೇವಿಯ ಪಾಲಿಗೆ ಅಪ್ಪನ ಹಳೆಯ ಕಪ್ಪು ಕಾರು ಬಂತು. ಅಳಿಯ ಓಬಳೇಶಪ್ಪನ ಪಾಲಿಗೆ ಬಂದದ್ದು ಗಂಗಾದೇವಿಯ ಮೌನ.

ಹಿಂದೂಪುರದಲ್ಲಿ ನೂಲಿನ ವ್ಯಾಪಾರ ಮಾಡುವ ಓಬಳೇಶಪ್ಪ, ಮದುವೆಯಾದ ಹದಿನಾರು ವರ್ಷವೂ ಹೆಂಡತಿ ಒಂದಿಷ್ಟು ಸುಮ್ಮನಿದ್ದರೆ ಸಾಕಪ್ಪ ಎಂದು ಕಂಡ ದೇವರಿಗೆಲ್ಲ ಕೈಮುಗಿದವನು. ಈಗ ಅವಳು ನಿಜವಾಗಿಯೂ ಸುಮ್ಮನಾದ ಮೇಲೆ ಮನೆಯಲ್ಲಿ ಕೂರುವುದೇ ಕಷ್ಟವಾಯಿತು. ಸಾರಿಗೆ ಉಪ್ಪು ಜಾಸ್ತಿ ಎಂದರೂ ಬೈಗುಳವಿಲ್ಲ. (ಬೈಸಿಕೊಳ್ಳಲೆಂದೇ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೂ ಹೋಗಿ ಬಂದ. ಊಹೂಂ.) ಮಧ್ಯಾಹ್ನವಾದರೆ ಅವಳು ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತುಬಿಡುತ್ತಿದ್ದಳು. ಬಿಸಿಲಿಗೆ ಕಾರಿನ ಬಣ್ಣವೆಲ್ಲ ಸತ್ತು, ಬೂದಿ ಬಳಿದುಕೊಂಡ ಹಾಗೆ ಕಾಣುತ್ತಿತ್ತು.

"ನಮ್ಮಪ್ಪ ಇದನ್ನ ಮದ್ರಾಸಿಂದ ಹೊಸದಾಗಿ ತಂದಾಗ ಇದ್ರಾಗೆ ಮಕ ಕಾಣ್ತಿತ್ತಂತೆ," ಎಂದಳು ಒಂದು ದಿನ. ಆ ತಿಂಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು.

ಓಬಳೇಶಪ್ಪನ ತಲೆಯಲ್ಲಿ ದೀಪ ಹೊತ್ತಿತು. ಮಾವನವರ ವರ್ಷದ ತಿಥಿಗೆ ಇನ್ನು ಹದಿನೈದು ದಿನವಿತ್ತು. ಅಷ್ಟರಲ್ಲಿ ಕಾರನ್ನು ಕನ್ನಡಿ ಮಾಡಿ, ಹೆಂಡತಿಯನ್ನು ಅದರಲ್ಲೇ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗುವುದೆಂದು ಭೀಷ್ಮಪ್ರತಿಜ್ಞೆ ಮಾಡಿದ. ಬಸ್ ಸ್ಟ್ಯಾಂಡ್ ಹತ್ತಿರ ವರ್ಕ್‌ಶಾಪ್ ಇಟ್ಟಿದ್ದ ಅಮರೇಶಪ್ಪ, ಕೈಯಲ್ಲಿ ಉಜ್ಜಿದರೆ ತಿಂಗಳಾಗುತ್ತದೆ, ಬೆಂಗಳೂರಿನಲ್ಲಿ ಕರೆಂಟಿನ ಪಾಲಿಷ್ ಮಿಷನ್ ಸಿಗುತ್ತದೆ ಎಂದ. ಇಬ್ಬರೂ ರೈಲು ಹತ್ತಿದರು.

ಅಂಗಡಿಯವನು ಎರಡು ಮಿಷನ್ ತಂದಿಟ್ಟ. ಒಂದು ಎತ್ತಿದರೆ ತೋಳು ಜಗ್ಗುವಂಥದ್ದು. ಅದರ ಬಿಲ್ಲೆ ಗರಗರನೆ ಒಂದೇ ಸಮ ಸುತ್ತುತ್ತದೆ. ಇನ್ನೊಂದು ಸಣ್ಣದು, ಅದರ ಬಿಲ್ಲೆ ಸುತ್ತುವುದಕ್ಕಿಂತ ಓಲಾಡುವುದೇ ಹೆಚ್ಚು. ಎರಡಕ್ಕೂ ಕುರಿ ಉಣ್ಣೆಯ ಟೋಪಿ.

"ಅಣ್ಣ, ಚಿಕ್ಕದೇ ತಗಾ," ಎಂದ ಅಮರೇಶಪ್ಪ. "ಹಳೇ ಬಣ್ಣ, ಈರುಳ್ಳಿ ಸಿಪ್ಪೆ ಇದ್ದಂಗಿರ್ತದೆ. ದೊಡ್ಡದು ಒಂದೇ ಕಡೆ ನಿಂತ್ರೆ ಕಾವಿಗೇ ಸುಟ್ಟೋಯ್ತದೆ."

"ಇದು ಕುಡ್ದೋನಂಗೆ ಓಲಾಡ್ತದಲ್ಲೋ!"

"ಓಲಾಡೋದೇ ಅದ್ರ ಗುಣ ಕಣಣ್ಣ. ಬಣ್ಣಕ್ಕೆ ಏಟು ಬೀಳಲ್ಲ."

ಓಬಳೇಶಪ್ಪ ಕೈಗೊಂದರಂತೆ ಎರಡನ್ನೂ ಎತ್ತಿ ಹಿಡಿದ. ಬುದ್ಧಿ ಬಂದಾಗಿನಿಂದ ತೂಕ ನೋಡಿಯೇ ಸರಕು ಕೊಂಡವನು. ನೂಲಾಗಲಿ ಮಿಷನ್ನಾಗಲಿ, ತೂಗುವುದರಲ್ಲೇ ಸತ್ವವಿರುವುದು ಎಂಬ ಸಿದ್ಧಾಂತದ ಮೇಲೆ ದೊಡ್ಡದನ್ನೇ ಕಟ್ಟಿಸಿದ. ಅಮರೇಶಪ್ಪ ಊರು ಬರುವವರೆಗೂ ಕಿಟಕಿಯ ಕಡೆಯೇ ನೋಡುತ್ತ ಕೂತ.

ತಿಥಿಗೆ ಹೊರಡುವ ದಿನ ಹತ್ತಿರವಾಗುವವರೆಗೂ ನೂಲಂಗಡಿಯ ಕೆಲಸ ಓಬಳೇಶಪ್ಪನನ್ನು ಬಿಡಲಿಲ್ಲ. ಕೊನೆಗೆ ಒಂದು ಸಂಜೆ ಪ್ರಯೋಗ ನಡೆಯಿತು. ಹಿಂದೂಪುರದ ಸಂಜೆಯ ಕರೆಂಟು ಎಂದರೆ ಬಲ್ಬು ಉರಿಯುತ್ತಿದೆಯೇ ಎಂದು ಲಾಟೀನು ಹಿಡಿದು ನೋಡುವಂಥದ್ದು. ಮಿಷನ್ ಮುದುಕನ ಹಾಗೆ ನರಳುತ್ತ ಮೆಲ್ಲಗೆ ತಿರುಗಿತು. ಕಾರಿನ ಮೂತಿಯ ಮೇಲೆ ಊಟದ ತಟ್ಟೆಯಷ್ಟಗಲ ಜಾಗ ಫಳಫಳ ಹೊಳೆಯಿತು. ಗಂಗಾದೇವಿ ಬಂದು ಬಗ್ಗಿ ನೋಡಿದಳು.

"ನಂದೂ ಅಪ್ಪನ ಮೂಗೇ, ಅಲ್ವೇನ್ರೀ?" ಎಂದಳು.

ಓಬಳೇಶಪ್ಪನಿಗೆ ಆ ರಾತ್ರಿ ಊಟ ರುಚಿಸಿತು.

ಮಾರನೆಯ ಬೆಳಿಗ್ಗೆ ಮಿಲ್ಲುಗಳಿಗೆ ರಜ. ಊರಿನ ಕರೆಂಟೆಲ್ಲ ಓಬಳೇಶಪ್ಪನ ಮನೆಗೇ ಹರಿದು ಬಂದಂತಿತ್ತು. ಎಡಬಾಗಿಲ ಮೇಲೆ ಮಿಷನ್ ಇಟ್ಟು ಸ್ವಿಚ್ ಹಾಕಿದನೋ ಇಲ್ಲವೋ, ಅದು ಹುಚ್ಚು ಹೋರಿಯ ಹಾಗೆ ಅವನನ್ನೇ ಎಳೆದಾಡಿತು. ಸುಟ್ಟ ವಾಸನೆ ಬಂತು. ನಿಲ್ಲಿಸಿ ನೋಡಿದರೆ ಕಪ್ಪು ಮಂಗಮಾಯ, ಒಳಗೆ ಗಿಳಿಹಸಿರು! ಅಂಚು ಸರಿ ಮಾಡೋಣವೆಂದು ಮತ್ತೆ ಹಚ್ಚಿದ. ಹಸಿರು ಅಗಲವಾಯಿತು. ಇನ್ನೊಂದು ಸಲ ಹಚ್ಚಿದಾಗ ಹಸಿರಿನ ಮೇಲೆ ಗೇಣುದ್ದದ ಬಿಳಿ ತೆಲುಗು ಅಕ್ಷರಗಳು ಎದ್ದು ಬಂದವು: 'ನೇಡೇ ಚೂಡಂಡಿ'. ಇವತ್ತೇ ನೋಡಿ! ಟೆಂಟ್ ಸಿನಿಮಾದವರು ಊರೂರು ಸುತ್ತಿ ಕೂಗುವ ಮಾತು.

ಗಂಗಾದೇವಿ ಹಿಂದೆಯೇ ನಿಂತಿದ್ದಳು.

"ಇದೇನ್ರೀ?"

"ಹಸಿರು..."

"ಅದು ಕಾಣ್ತದೆ." ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಹಂಗಾರೆ ಮದ್ರಾಸು, ಹೊಸ ಕಾರು... ನಮ್ಮಪ್ಪ ನಮಗೆಲ್ಲಾ ಸುಳ್ಳು ಹೇಳಿದ್ರಾ?"

ಬೈದಿದ್ದರೆ ಓಬಳೇಶಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಸತ್ತ ಮಾವನನ್ನು ತಾನು ಕೈಯಾರೆ ಇನ್ನೊಂದು ಸಲ ಕೊಂದೆನೇನೋ ಎನ್ನಿಸಿತು ಅವನಿಗೆ. ಬಸ್ಸಿಗೆ ಹೋಗೋಣ ಎಂದ.

"ಬೇಡ. ಇದ್ರಾಗೇ ಹೋಗಣ. ಅಮ್ಮನ್ನ ಕೇಳ್ಬೇಕು."

ಅಮರೇಶಪ್ಪನ ಕಣ್ಣಿಗೆ ಬೀಳದಿರಲೆಂದು ಓಬಳೇಶಪ್ಪ ಮಿಷನ್ನನ್ನೂ ಮುಂದಿನ ಸೀಟಿನ ಮೇಲೆ ಹಾಕಿಕೊಂಡ. ದಾರಿಯಲ್ಲಿ ರೊದ್ದಂ ಎಂಬ ಊರು ದಾಟುವಾಗ ಮಕ್ಕಳು, ಯಾವ ಸಿನಿಮಾ, ಚೀಟಿ ಕೊಡಿ ಎಂದು ಕಾರಿನ ಹಿಂದೆ ಓಡಿ ಬಂದವು. "ಏ ಸಿನಿಮಾ? ಕಾಗಿತಂ ಇಯ್ಯಂಡಿ!" ಓಬಳೇಶಪ್ಪ ಮುಂದೆ ನೋಡುತ್ತ ಸ್ಟಿಯರಿಂಗ್ ಬಿಗಿಯಾಗಿ ಹಿಡಿದ. ಹಿಂದಿನ ಸೀಟಿನಲ್ಲಿ ಗಂಗಾದೇವಿ ಸೆರಗನ್ನು ಮುಖಕ್ಕೆಳೆದುಕೊಂಡಳು.

ಕಲ್ಯಾಣದುರ್ಗದ ಮನೆ ಬಾಗಿಲಲ್ಲಿ ಸೋಮಶೇಖರಪ್ಪ ನಿಂತಿದ್ದ. "ಏನ್ ಬಾವ, ತಿಥಿಗೆ ಬಂದ್ರೋ, ಪಬ್ಲಿಸಿಟಿಗೆ ಬಂದ್ರೋ?" ನೆಂಟರು ಬಾಯಿಗೆ ಟವಲ್ ಅಡ್ಡ ಹಿಡಿದರು.

ಅಷ್ಟರಲ್ಲಿ ಅತ್ತೆ ಪದ್ಮಾವತಮ್ಮ ಹೊರಗೆ ಬಂದರು. ವರ್ಷದಿಂದ ಹೊಸ್ತಿಲು ದಾಟದ ಹೆಂಗಸು, ನೇರವಾಗಿ ಕಾರಿನ ಹತ್ತಿರ ಬಂದು ಆ ಹಸಿರಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು.

"ಅಮ್ಮಾ, ಅಪ್ಪ ಯಾಕೆ ಸುಳ್ಳು ಹೇಳಿದ್ರು?" ಎಂದಳು ಗಂಗಾದೇವಿ.

"ಆ ಸುಳ್ಳು ಅವರ್ದಲ್ಲಮ್ಮಾ, ನಂದು. ಟೆಂಟಿನೋರ ಹತ್ರ ತಗಂಡ್ರು ಇದನ್ನ. ಒಂದು ವಾರ ನನ್ನ ಕೂರಿಸ್ಕಂಡು ಊರೆಲ್ಲಾ ಸುತ್ತಿಸಿದ್ರು. ಜನ ಕಂಡ ಕಡೆಯೆಲ್ಲಾ ನನ್ನ ಕಡೆ ಕೈ ತೋರ್ಸಿ, 'ನೇಡೇ ಚೂಡಂಡಿ' ಅಂತ ಕೂಗೋರು. ನಾಚ್ಕೆಗೆ ನಾನು ಎರಡು ದಿನ ಉಪಾಸ ಕೂತು ಕಪ್ಪು ಹೊಡೆಸ್ದೆ. ಮದ್ರಾಸಿನ ಕತೆ ಕಟ್ಟಿದ್ದೂ ನಾನೇ." ಅವರು ಅಕ್ಷರಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಆಮ್ಯಾಲೆ ಯಾವತ್ತೂ ಅವ್ರು ಹಂಗೆ ಕೂಗ್ಲಿಲ್ಲ."

ಬಾಯಿಗೆ ಅಡ್ಡ ಹಿಡಿದ ಟವಲ್‌ಗಳು ಕೆಳಗಿಳಿದವು.

"ಅಲ್ಲುಡೂ, ದೊಡ್ಡ ಕೆಲ್ಸ ಮಾಡ್ದೆ ಕಣಪ್ಪ," ಎಂದು ಪದ್ಮಾವತಮ್ಮ ಅಳಿಯನ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಹದಿನಾರು ವರ್ಷದಲ್ಲಿ ಅತ್ತೆ ಮೆಚ್ಚಿದ್ದು ಅದೇ ಮೊದಲು. ಓಬಳೇಶಪ್ಪನ ಎದೆ ಉಬ್ಬುತ್ತಿರುವಾಗಲೇ ಅವರು ಮಾತು ಮುಂದುವರಿಸಿದರು: "ಉಳಿದ ಕಪ್ಪನ್ನೂ ತೆಗ್ದುಬಿಡು. ಸೀಟಿನ ಮ್ಯಾಲಿರೋ ಆ ಮಿಷನ್ ಮುಟ್ಬ್ಯಾಡ, ಅಕ್ಷರ ಹಾಳಾಯ್ತವೆ. ಕೈಯಾಗೆ, ನಿದಾನಕ್ಕೆ. ಮತ್ತೆ ಕಾರು ಇಲ್ಲೇ ಇರ್ಲಿ ನಾಯ್ನಾ, ನನ್ನ ಕಣ್ಣ ಮುಂದೆ."

ಓಬಳೇಶಪ್ಪ ಹೆಂಡತಿಯ ಮುಖ ನೋಡಿದ. ಕಾರು ಅವಳ ಪಾಲು. ಅವಳಾದರೂ ಒಂದು ಮಾತು ಆಡಬಹುದೆಂಬ ಆಸೆ.

"ಇರ್ಲಿ ಬಿಡಮ್ಮಾ," ಎಂದಳು ಗಂಗಾದೇವಿ.

ತಿಥಿಯ ವಡೆ ತಿಂದು ನೆಂಟರೆಲ್ಲ ಹೊರಟರು. ಓಬಳೇಶಪ್ಪ ಮಾತ್ರ ನಾಲ್ಕು ದಿನ ಉಪ್ಪುಕಾಗದ ನೀರಲ್ಲದ್ದಿ ಕಾರು ಉಜ್ಜಿದ. ತಾಯಿ ಮಗಳು ನೆರಳಲ್ಲಿ ಕುರ್ಚಿ ಹಾಕಿಕೊಂಡು, "ಅಲ್ಲಿ ಬಿಟ್ಟೋಗದೆ, ಇಲ್ಲಿ ಬಿಟ್ಟೋಗದೆ," ಎಂದು ಕೈ ತೋರಿಸಿದರು. ಅಂಗೈಯೆಲ್ಲ ಬೊಬ್ಬೆ. ಐದನೆಯ ದಿನ ಗಿಳಿಹಸಿರು ಕಾರು ಅಂಗಳದಲ್ಲಿ ಉಳಿಯಿತು. ಗಂಡಹೆಂಡತಿ ಹಿಂದೂಪುರದ ಬಸ್ಸು ಹತ್ತಿದರು. ಓಬಳೇಶಪ್ಪನ ತೊಡೆಯ ಮೇಲೆ ದೊಡ್ಡ ಮಿಷನ್. ಊರು ದಾಟುವುದರೊಳಗೆ ಕಾಲು ಜೋಮು ಹಿಡಿಯಿತು.

ಕಂಡಕ್ಟರ್ ಬಂದು ಅದನ್ನು ಎತ್ತಿ ನೋಡಿ ಹುಬ್ಬೇರಿಸಿದ. "ಏನ್ ಸಾಮಿ ಇದು, ಇಷ್ಟು ತೂಕ?"

ಓಬಳೇಶಪ್ಪ ಬಾಯಿ ತೆರೆಯುವ ಮೊದಲೇ ಕಿಟಕಿಯ ಕಡೆಯಿಂದ ಗಂಗಾದೇವಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ನಮ್ ಕಾರು ಕಣಪ್ಪ. ಇವರು ಪಾಲಿಷ್ ಮಾಡಿದ ಮೇಲೆ ಇಷ್ಟೇ ಉಳ್ಕಂಡಿರೋದು."