ಮಡ್‌ಗಾರ್ಡಿಗೆ ಲಟ್ಟಣಿಗೆ

ಗ್ಯಾರೇಜಿನವನು ಮಾಡುವ ಕೆಲಸವನ್ನು ನಾನು ಮಾಡಲಾರೆನೇ? ಎರಡು ಕೈ, ಒಂದು ಸುತ್ತಿಗೆ, ಮೊಬೈಲಿನಲ್ಲಿ ನೋಡಿದ ಮೂರು ವಿಡಿಯೊ. ಇಷ್ಟಿದ್ದರೆ ಸಾಲದೇ? ಆ ಭಾನುವಾರ ಬೆಳಿಗ್ಗೆ ಘೋಷಿಸಿಯೇಬಿಟ್ಟೆ: ನಮ್ಮ ಹಳೇ ಕಾರಿನ ಮಡ್‌ಗಾರ್ಡುಗಳನ್ನು, ಅಂದರೆ ಚಕ್ರದ ಮೇಲೆ ಕಮಾನಿನಂತೆ ಬಾಗಿರುವ ಉಕ್ಕಿನ ತಗಡುಗಳನ್ನು, ಹೊರಕ್ಕೆ ಅಗಲಿಸಿ ಕಾರಿಗೆ ಪೈಲ್ವಾನನ ಭುಜ ಕೊಡುತ್ತೇನೆ!

ನನ್ನವಳು ಕಾಫಿ ಲೋಟ ಕೆಳಗಿಟ್ಟಳು. "ರೀ, ನಾಳೆ ಅದೇ ಕಾರಲ್ಲಿ ನನ್ನ ಡ್ರೈವಿಂಗ್ ಟೆಸ್ಟ್ ಇದೆ. ಆಗಲೇ ಎರಡು ಸಲ ಫೇಲಾಗಿದ್ದೀನಿ. ನೆನಪಿದೆ ತಾನೆ?"

"ಮಧ್ಯಾಹ್ನದ ಊಟದೊಳಗೆ ಮುಗಿಸ್ತೀನಿ ಕಣೇ."

ವಿಧಾನ ಬಹಳ ಸುಲಭ. ತಗಡನ್ನು ಬಿಸಿ ಮಾಡಿ, ಅದಕ್ಕೂ ಚಕ್ರಕ್ಕೂ ನಡುವೆ ಒಂದು ಉರುಟು ಮರದ ದೊಣ್ಣೆ ಸಿಕ್ಕಿಸಿ, ಕಾರನ್ನು ಅಂಗುಲ ಅಂಗುಲ ಹಿಂದೆ ಮುಂದೆ ಆಡಿಸಬೇಕು. ದೊಣ್ಣೆ ಉರುಳುತ್ತ ತಗಡಿನ ಅಂಚನ್ನು ಹೊರಕ್ಕೆ ನೂಕುತ್ತದೆ. ದೊಣ್ಣೆಗೆ ಅಡುಗೆಮನೆಯ ಲಟ್ಟಣಿಗೆ ಸಿಕ್ಕಿತು, ಬಿಸಿಗೆ ಅವಳ ಹೇರ್ ಡ್ರೈಯರ್. ಕಾರು ಆಡಿಸಲು ಅವಳನ್ನೇ ಕೂರಿಸಿದೆ. ಮುಖ ಊದಿಸಿಕೊಂಡೇ ಕೂತಳು.

ಮೊದಲ ಮಡ್‌ಗಾರ್ಡ್ ಅಂದವಾಗಿ ಅರಳಿತು. ನನ್ನ ಎದೆಯೂ ಅರಳಿತು! ಎರಡನೆಯದರ ಬಣ್ಣ ಮೊಟ್ಟೆ ಸಿಪ್ಪೆಯಂತೆ ಉದುರಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಡ್ರೈಯರ್ ಒಮ್ಮೆ ಹೊಗೆಯುಗುಳಿ ಪ್ರಾಣ ಬಿಟ್ಟಿತು. ಹಟ ಬಿಡದೆ ತಣ್ಣಗಿನ ತಗಡಿಗೇ ಲಟ್ಟಣಿಗೆ ಕೊಟ್ಟೆ. ಫಟ್! ಅರ್ಧ ಲಟ್ಟಣಿಗೆ ನನ್ನ ಕಿವಿ ಸವರಿಕೊಂಡು ಕಾಂಪೌಂಡಿನಾಚೆ ಹಾರಿತು. ಉಳಿದ ಕೆಲಸವನ್ನು ಸುತ್ತಿಗೆಗೆ ಒಪ್ಪಿಸಿದೆ. ಸಂಜೆಗೆ ನಾಲ್ಕು ಚಕ್ರಕ್ಕೆ ನಾಲ್ಕು ಆಕಾರ! ಅವಳು ಕಾರಿನಿಂದಿಳಿದು ನೋಡಿದವಳು ಲಟ್ಟಣಿಗೆಯ ಉಳಿದರ್ಧ ಎತ್ತಿಕೊಂಡು ಒಳಗೆ ಹೋದಳು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಮರುದಿನ ಆರ್‌ಟಿಒ ಮೈದಾನದಲ್ಲಿ ಇನ್‌ಸ್ಪೆಕ್ಟರು ಕಾರಿಗೆ ಎರಡು ಸುತ್ತು ಹಾಕಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸುತ್ತೂ ಹಾಕಿದರು.

"ಎಷ್ಟು ಕಡೆ ಗುದ್ದಿದ್ದೀರಮ್ಮಾ? ನಾಲ್ಕು ಮೂಲೇಲಿ ಒಂದನ್ನೂ ಬಿಟ್ಟಿಲ್ಲ. ನಿಮ್ಮ ಪಕ್ಕ ಕೂರೋಕೆ ನಂಗೆ ಧೈರ್ಯ ಇಲ್ಲ. ಟೆಸ್ಟ್ ಬೇಡ, ಮನೆಗೆ ಹೋಗಿ."

ನನ್ನ ಇಡೀ ದಿನದ ಕಲೆ ಇವರ ಕಣ್ಣಿಗೆ ಅಪಘಾತವೇ? ನೊಂದುಕೊಳ್ಳಲೂ ಪುರುಸೊತ್ತು ಸಿಗಲಿಲ್ಲ. ಅವರು ಫಾರಂ ಮೇಲೆ ಪೆನ್ನು ಊರಿದ್ದರು. ನನ್ನವಳ ಕಣ್ಣಲ್ಲಿ ನೀರು ತುಂಬಿತ್ತು. ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಸಾರ್, ಇವಳು ಎಲ್ಲೂ ಗುದ್ದಿಲ್ಲ. ಅದು ನನ್ನ ಕೆಲಸ."

"ಹಾಗಾದ್ರೆ ನೀವು ಗುದ್ದಿದ್ರಾ?"

"ಇಲ್ಲ ಸಾರ್. ಬೇಕಂತಲೇ ಮಾಡಿದ್ದು. ಮನೇಲೇ. ಲಟ್ಟಣಿಗೇಲಿ."

ಇನ್‌ಸ್ಪೆಕ್ಟರು ಫಾರಂ ಮೇಲಿಂದ ಪೆನ್ನು ಎತ್ತಿದರು. ಬಹಳ ಕನಿಕರದಿಂದ ನನ್ನವಳಿಗೆ ಕಾರು ಹತ್ತಲು ಹೇಳಿದರು.

ಹಿಂದಿನ ದಿನವಿಡೀ ಅಂಗುಲ ಅಂಗುಲ ಆಡಿಸಿದವಳಿಗೆ ಕ್ಲಚ್ಚು ಕಾಲಿಗೆ ಪಳಗಿಬಿಟ್ಟಿತ್ತು. ಏರಿನಲ್ಲಿ ನಿಲ್ಲಿಸಿ ಹೊರಟರೂ ಕಾರು ಕೂದಲೆಳೆಯಷ್ಟೂ ಹಿಂದೆ ಜಾರಲಿಲ್ಲ. ಪಾಸಾದಳು! ಇದಕ್ಕೆ ನಾನೇ ಕಾರಣ ಎಂದು ಹೇಳಿಕೊಳ್ಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಫಾರಂ ನನ್ನ ಕಡೆ ತಿರುಗಿಸಿ, ಕಾರಿನ ಯಜಮಾನರು ನೀವೇ ತಾನೆ, ಓದಿ ಸಹಿ ಹಾಕಿ ಎಂದರು. ಓದಿದೆ.

"ವಾಹನದ ಸ್ಥಿತಿ: ನಾಲ್ಕೂ ಕಡೆ ಜಖಂ. ಅಪಘಾತ: ಇಲ್ಲ. ಕಾರಣ: ಗಂಡ."